ಪರವಾನಗಿ ಕೇಳುವ ಮೊದಲು: ಹಂದಿಗೆ ಎಲ್ಲಿಗೆ ಹೊಡೆಯುತ್ತೇವೆ?

ಕಳೆದ ಮಳೆಗಾಲದ ಕೊನೆಗೆ ನಮ್ಮೂರಲ್ಲಿ ತೋಟಕ್ಕೆ ಹುಲ್ಲು ಕೊಯ್ಯಲು ಇಳಿದ ಹೆಂಗಸೊಬ್ಬರಿಗೆ ಕಾಡುಹಂದಿ ತಿವಿಯಿತು. ಬಸಿಗಾಲುವೆಯ ಕೆಸರಿನಲ್ಲಿ, ಕೆಸುವಿನ ಎಲೆ ಮರೆಗೆ ಮಲಗಿತ್ತಂತೆ. ಹತ್ತು ಮಾರು ದೂರ ಇದ್ದಾಗಲೇ ಎದ್ದು ಬಂತು. ತೊಡೆಯಲ್ಲಿ ಗೇಣುದ್ದ ಸೀಳು. ಆಸ್ಪತ್ರೆಗೆ ಸೇರಿಸಿ, ಹೊಲಿಗೆ ಹಾಕಿಸಿ, ಎರಡು ತಿಂಗಳು ಅವರಿಗೆ ಕೆಲಸವಿಲ್ಲ. ಕೂಲಿಯನ್ನೇ ನಂಬಿದ ಮನೆ.

ಮಾರನೇ ದಿನವೇ ಊರಲ್ಲಿ ಅರ್ಜಿ ಬರೆದಾಯ್ತು. 'ಹಂದಿ ಹಾವಳಿ ಮಿತಿ ಮೀರಿದೆ, ಜನರ ಮೇಲೇ ಬೀಳುತ್ತಿವೆ, ಹೊಡೆಯಲು ಪರವಾನಗಿ ಕೊಡಿ' ಅಂತ. ಅದರಲ್ಲಿ ಬರೆದದ್ದು ಸುಳ್ಳಲ್ಲ. ಬರೆಯದೆ ಬಿಟ್ಟದ್ದು ಒಂದಿದೆ. ಆ ಹಂದಿ ಮರುದಿನ ಅದೇ ಕಾಲುವೆಯಲ್ಲಿ ಸತ್ತು ಬಿದ್ದಿತ್ತು. ನೋಡಲು ಹೋದ ನಮಗೆಲ್ಲ ಮೂಗು ಮುಚ್ಚಿಕೊಳ್ಳಬೇಕಾಯ್ತು. ಹೊಟ್ಟೆಯ ಹಿಂಭಾಗದಲ್ಲಿ, ಹಿಂತೊಡೆಯ ಹತ್ತಿರ ಚರೆ ಹೊಕ್ಕ ತೂತುಗಳು. ಹುಳ ಬಿದ್ದು ಮೂರ್ನಾಲ್ಕು ದಿನವಾದರೂ ಆಗಿರಬೇಕು. ಮೂರ್ನಾಲ್ಕು ದಿನದ ಹಿಂದೆ ರಾತ್ರಿ ಗದ್ದೆ ಕಡೆಯಿಂದ ಒಂದು ಈಡು ಕೇಳಿದ್ದು ಊರಿನ ಅರ್ಧ ಮನೆಗೆ ಗೊತ್ತಿತ್ತು. ಹೊಡೆದವರು ಯಾರೆಂದೂ ಗೊತ್ತು. ಹೆಸರು ಬರೆಯುವುದಿಲ್ಲ. ಅವರೂ ಈ ಪತ್ರಿಕೆ ಓದುವವರೇ, ನನಗೆ ಬೇಕಾದವರೇ.

ಅವರು ಮಾರನೇ ಬೆಳಿಗ್ಗೆ ನಾಲ್ಕು ಮನೆಗೆ ಬಂದು "ಗಾಯದ ಹಂದಿ ಓಡಿದೆ, ಎರಡು ದಿನ ಯಾರೂ ತೋಟಕ್ಕೆ ಇಳಿಯಬೇಡಿ" ಎಂದು ಒಂದು ಮಾತು ಹೇಳಿದ್ದರೆ ಆ ಹೆಂಗಸಿನ ಕಾಲು ಉಳಿಯುತ್ತಿತ್ತು. ಹೇಳಲಿಲ್ಲ. ಹೇಳಿದರೆ ಕೇಸು ಆಗುತ್ತದೆಂಬ ಹೆದರಿಕೆ.

ಈ ಪತ್ರಿಕೆಯ ಪುಟಗಳಲ್ಲಿ ಹಂದಿಯ ಚರ್ಚೆ ಹೊಸತಲ್ಲ. ಬೇಲಿ, ಅಗಳು, ಗರ್ನಾಲು, ಹಳೇ ಸೀರೆ, ನಾಯಿ ಎಲ್ಲದರ ಅನುಭವ ಬಂದಿದೆ. ಹೊಡೆಯಬೇಕೋ ಬಾರದೋ ಎಂಬ ವಾದವೂ ಆಗಿದೆ. ನಾನು ಅದಕ್ಕೆ ಕೈ ಹಾಕುವುದಿಲ್ಲ. ಹೊಡೆಯಲು ಬಿಡಿ ಎಂದು ಕೇಳುವವರ ಸಾಲಿನಲ್ಲಿ ನಾನೂ ಇದ್ದೇನೆ. ಎರಡೆಕ್ರೆ ಅಡಿಕೆ, ಒಂದೂಕಾಲು ಎಕ್ರೆ ಗದ್ದೆ ನನ್ನದು. ಹಾಲು ಕಟ್ಟಿದ ತೆನೆಗೆ ಹಂದಿ ಹಿಂಡು ಒಂದು ರಾತ್ರಿ ಇಳಿದರೆ ತಿನ್ನುವುದಕ್ಕಿಂತ ಹೊರಳಾಡಿ ಹಾಳು ಮಾಡುವುದೇ ಹೆಚ್ಚು. ಹೋದ ವರ್ಷ ಕೆಳಗಿನ ಮಡಿಯಲ್ಲಿ ಕುಯಿಲೇ ಮಾಡಲಿಲ್ಲ, ದನ ಬಿಟ್ಟೆ. ಹೊಸದಾಗಿ ನೆಟ್ಟ ಅಡಿಕೆ ಸಸಿಯ ಬುಡವನ್ನು ಎರೆಹುಳಕ್ಕಾಗಿ ಅಗೆದು ಹಾಕಿದ್ದನ್ನು ಬೆಳಿಗ್ಗೆ ನೋಡಿದವರಿಗೆ ಅಹಿಂಸೆಯ ಪಾಠ ರುಚಿಸುವುದಿಲ್ಲ. ಹಾಗಾಗಿ ಈ ಬರಹವನ್ನು ಪ್ರಾಣಿದಯೆಯ ಭಾಷಣ ಅಂತ ಪುಟ ತಿರುಗಿಸಬೇಡಿ.

ನನ್ನ ಪ್ರಶ್ನೆ ಬೇರೆ. ಹೊಡೆಯಲು ಬಿಟ್ಟರು ಅಂತಿಟ್ಟುಕೊಳ್ಳಿ. ಎಲ್ಲಿಗೆ ಹೊಡೆಯುತ್ತೀರಿ?

ನನ್ನದೇ ಒಂದು ಕತೆ

ನನಗೀಗ ಎಪ್ಪತ್ತಮೂರು. 1970ರಲ್ಲಿ ಹದಿನೆಂಟು. ಆಗಿನ್ನೂ 1972ರ ವನ್ಯಜೀವಿ ಕಾಯ್ದೆ ಬಂದಿರಲಿಲ್ಲ, ಗದ್ದೆಗೆ ಬಂದ ಹಂದಿಗೆ ಹೊಡೆದರೆ ಯಾರೂ ಕೇಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು. ಅದು ದೊಡ್ಡಪ್ಪನ ಕೈಯದ್ದು. ಬೇರೆಯವರು ಮುಟ್ಟುವಂತಿಲ್ಲ. ಒಂದು ದಿನ ದೊಡ್ಡಪ್ಪ ನೆಂಟರ ಮನೆಗೆ ಹೋಗಿದ್ದರು. ಸಂಜೆ ಮುಂದೆ ಗದ್ದೆ ಅಂಚಿಗೆ ಒಂಟಿಗ ಹಂದಿಯೊಂದು ಬಂತು. ನಾನು ಕೋವಿ ತೆಗೆದುಕೊಂಡು ಓಡಿದೆ. ಮದ್ದು ತುಂಬಿಟ್ಟದ್ದೇ ಇತ್ತು. ಎದೆ ಹೊಡೆದುಕೊಳ್ಳುತ್ತಿತ್ತು. ಹಂದಿ ತಿರುಗಿ ಹೋಗುವುದರಲ್ಲಿತ್ತು. ಹೋಗಿಬಿಡುತ್ತದಲ್ಲ ಎಂಬ ಆತುರದಲ್ಲಿ, ಎಲ್ಲಿ ದೊಡ್ಡದಾಗಿ ಕಂಡಿತೋ ಅಲ್ಲಿಗೆ ಹೊಡೆದೆ. ದೊಡ್ಡದಾಗಿ ಕಾಣುವುದು ಹೊಟ್ಟೆ.

ಹಂದಿ ಬಿತ್ತು. ಕೂಗಿದೆ. ನಾನು ಕೂಗುವಷ್ಟರಲ್ಲಿ ಎದ್ದು ಸೊಪ್ಪಿನಬೆಟ್ಟದ ಹಳುವಿಗೆ ನುಗ್ಗಿತು. ರಾತ್ರಿಯಾಯ್ತು. ಮನೆಗೆ ಬಂದು ಊಟ ಮಾಡಿ ಮಲಗಿದೆ. 'ಎಲ್ಲೋ ಸತ್ತಿರುತ್ತದೆ' ಅಂತ.

ಬೆಳಿಗ್ಗೆ ದೊಡ್ಡಪ್ಪ ಬಂದರು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. "ಎಲ್ಲಿ ನಿಂತಿತ್ತು ತೋರಿಸು" ಅಂದರು. ತೋರಿಸಿದೆ. ನೆಲದಲ್ಲಿ ಬಿದ್ದ ರಕ್ತ ಮುಟ್ಟಿ, ಮೂಸಿ, ನನ್ನ ಮೂಗಿನ ಹತ್ತಿರ ಹಿಡಿದರು. ರಕ್ತದ ಜೊತೆ ಹಸಿರು ಹಸಿರು ಏನೋ, ಸಗಣಿ ವಾಸನೆ. "ಹೊಟ್ಟೆ. ಇದು ಇವತ್ತಿಗೂ ಸತ್ತಿರೋದಿಲ್ಲ ಕಣೋ. ನಡಿ" ಅಂದರು.

ಆ ದಿನ ಪೂರ್ತಿ ಹುಡುಕಿದೆವು. ಸಿಗಲಿಲ್ಲ. ಹಂದಿಗೆ ಕೊಬ್ಬು ಜಾಸ್ತಿ. ಗಾಯದ ಬಾಯಿ ಮುಚ್ಚಿಕೊಂಡು ರಕ್ತ ಹೊರಗೆ ಬೀಳುವುದು ಬೇಗ ನಿಲ್ಲುತ್ತದೆ. ಮುಳ್ಳಿನಲ್ಲಿ ತೂರಿ ಮೈಯೆಲ್ಲ ಗೀರು. ನಾನು "ಇನ್ನು ಸಾಕು ದೊಡ್ಡಪ್ಪ" ಅಂದೆ. "ನಿನಗೆ ಸಾಕಾಯ್ತು. ಅದಕ್ಕೆ?" ಅಂದರು. ಇಷ್ಟು ವರ್ಷವಾದರೂ ಆ ಮಾತು ಕಿವಿಯಲ್ಲಿದೆ.

ಎರಡನೇ ದಿನ ಮಧ್ಯಾಹ್ನ ಒಂದು ಹಳ್ಳದ ಬದಿಯಲ್ಲಿ ಸಿಕ್ಕಿತು. ಜೀವ ಇತ್ತು. ನೀರಿಗೆ ಮೂತಿ ಇಟ್ಟುಕೊಂಡು ಮಲಗಿತ್ತು, ಏಳಲು ನೋಡಿತು, ಹಿಂಗಾಲು ಬರಲಿಲ್ಲ. ದೊಡ್ಡಪ್ಪ ಕೋವಿಯನ್ನು ನನ್ನ ಕೈಗೇ ಕೊಟ್ಟು, ಎಲ್ಲಿಗೆ ಎಂದು ಕಡ್ಡಿಯಲ್ಲಿ ತೋರಿಸಿ, ಹೊಡೆಸಿದರು. ಆಮೇಲೆ ಅದನ್ನು ಅಲ್ಲೇ ಸೀಳಿ, ಒಳಗಿನದ್ದನ್ನೆಲ್ಲ ನನಗೆ ತೋರಿಸಿದರು. ಇಂಥದ್ದು ಇಲ್ಲಿರುತ್ತದೆ, ಇಂಥದ್ದು ಇಲ್ಲಿ, ನಿನ್ನ ಗುಂಡು ಹೋದದ್ದು ಇಲ್ಲಿ. ಮಾಂಸ ಕೆಟ್ಟಿತ್ತು. ಅಲ್ಲೇ ಹುಗಿದೆವು. ನಾನೇ ಗುಂಡಿ ತೋಡಿದೆ.

ಆಮೇಲೆ ನಾನು ಹೊಡೆದದ್ದು ಕೆಲವೇ. ಕಾಯ್ದೆ ಬಂದ ಮೇಲೆ ಬಿಟ್ಟೇಬಿಟ್ಟೆ. ಆದರೆ ಹಂದಿಯ ಒಳಗೆ ಏನು ಎಲ್ಲಿದೆ ಎಂಬುದು ಅವತ್ತು ಕಲಿತದ್ದು ಮರೆತಿಲ್ಲ.

ಜೀವ ಇರುವ ಜಾಗ

ಹೆಚ್ಚಿನವರು ತಿಳಿದದ್ದು, ಹಂದಿ ಗಟ್ಟಿ ಜೀವ, ಎಲ್ಲಿಗೆ ಹೊಡೆದರೂ ಓಡುತ್ತದೆ ಅಂತ. ಅದು ಅರ್ಧ ನಿಜ. ತಪ್ಪು ಜಾಗಕ್ಕೆ ಹೊಡೆದರೆ ಗಟ್ಟಿ. ಸರಿಯಾದ ಜಾಗಕ್ಕೆ ಬಿದ್ದರೆ ಉಳಿದ ಪ್ರಾಣಿಗಳ ಹಾಗೇ.

ಹಂದಿ ನಮಗೆ ಪೂರ್ತಿ ಅಡ್ಡವಾಗಿ ನಿಂತಿದೆ ಅನ್ನಿ. ಅದರ ಗುಂಡಿಗೆ ಮತ್ತು ಪುಪ್ಪುಸ ನಾವು ಅಂದುಕೊಂಡದ್ದಕ್ಕಿಂತ ಮುಂದೆ ಇದೆ, ಕೆಳಗೂ ಇದೆ. ಮುಂಗಾಲಿನ ನೇರಕ್ಕೇ ಮೇಲೆ ಬನ್ನಿ. ಎದೆಯ ಕೆಳಗೆರೆಯಿಂದ ಬೆನ್ನಿನವರೆಗಿನ ಎತ್ತರದಲ್ಲಿ ಮೂರನೇ ಒಂದು ಭಾಗ. ಜಾಗ ಅದೇ. ನಮ್ಮ ಊಟದ ತಟ್ಟೆಗಿಂತಲೂ ಚಿಕ್ಕದು. ಕಡವೆ, ಜಿಂಕೆ ಹೊಡೆದ ಹಳಬರ ಬಾಯಲ್ಲಿ 'ಹೆಗಲ ಹಿಂದೆ ಹೊಡಿ' ಎಂಬ ಮಾತಿದೆ. ಹಂದಿಗೆ ಆ ಲೆಕ್ಕದಲ್ಲಿ ನಾಲ್ಕು ಬೆರಳು ಹಿಂದೆ ಹೋದರೆ ಸಿಗುವುದು ಲಿವರು, ಇನ್ನೂ ನಾಲ್ಕು ಬೆರಳು ಹೋದರೆ ಹೊಟ್ಟೆ. ನಾನು 1970ರಲ್ಲಿ ಮಾಡಿದ್ದು ಇದನ್ನೇ, ಇನ್ನೂ ಕೆಟ್ಟದಾಗಿ. ಮಾಂಸ ಹಾಳಾಗುತ್ತದೆಂದು ಬೇಕಂತಲೇ ಹೆಗಲು ತಪ್ಪಿಸಿ ಹೊಡೆಯುವವರೂ ಆಗ ಇದ್ದರು. ಅಂಥವರ ಬಗ್ಗೆ ದೊಡ್ಡಪ್ಪನಿಗೆ ಒಳ್ಳೆ ಮಾತಿರಲಿಲ್ಲ.

ಬೆನ್ನಿನ ಮೇಲಿನ ಕೂದಲು ಇನ್ನೊಂದು ಮೋಸ. ಗಂಡು ಹಂದಿ ಕೂದಲು ನಿಮಿರಿಸಿದರೆ ಇರುವುದಕ್ಕಿಂತ ಎತ್ತರ ಕಾಣುತ್ತದೆ. ಅದರ 'ಮಧ್ಯ'ಕ್ಕೆ ಗುರಿ ಇಟ್ಟರೆ ಗುಂಡು ಮೇಲೆ ಹೋಗುತ್ತದೆ. ಬೆನ್ನೆಲುಬಿನ ಮೇಲಿನ ಮಾಂಸಕ್ಕೆ ತಾಗಿದರೆ ಹಂದಿ ಧೊಪ್ಪೆಂದು ಬೀಳುತ್ತದೆ. ಹತ್ತಿರ ಹೋದರೆ ಎದ್ದು ನಿಲ್ಲುತ್ತದೆ! ಬೆನ್ನುಹುರಿಗೆ ಅದುರು ತಾಗಿ ಬಿದ್ದದ್ದು, ಸತ್ತದ್ದಲ್ಲ. ಹಳೇ ಶಿಕಾರಿ ಕತೆಗಳಲ್ಲಿ 'ಸತ್ತ ಹಂದಿ ಎದ್ದು ಬಂತು' ಎಂಬುದರಲ್ಲಿ ಅರ್ಧ ಇದೇ ಇರಬೇಕು.

ದೊಡ್ಡ ಗಂಡಿಗೆ ಹೆಗಲ ಮೇಲೆ ಗಟ್ಟಿ ನಾರಿನಂಥ ದಪ್ಪ ಪದರ ಇರುತ್ತದೆ. ಗಂಡು ಗಂಡು ಕಾದಾಡುವಾಗ ಕೋರೆಯಿಂದ ಕಾಪಾಡುವ ಗುರಾಣಿ ಅದು. ಸಣ್ಣ ಚರೆ ಅದನ್ನು ದಾಟುವುದಿಲ್ಲ. ಚರ್ಮದ ಕೆಳಗೆ ನಿಂತು ಕೀವಾಗುತ್ತದೆ, ಅಷ್ಟೇ.

ತಲೆಗೆ ಹೊಡೆದರೆ ಒಂದೇ ಏಟಿಗೆ ಹೋಗುತ್ತದೆ ಎನ್ನುವವರಿದ್ದಾರೆ. ಕಿವಿಯ ಬುಡಕ್ಕೆ ಸರಿಯಾಗಿ ಬಿದ್ದರೆ ಹೌದು. ಆದರೆ ಹಂದಿಯ ತಲೆ ಉದ್ದ, ಮಿದುಳು ಹಿಂದೆ, ಮುಷ್ಟಿಗಿಂತ ದೊಡ್ಡದೇನಲ್ಲ. ಮೇಯುವಾಗ ತಲೆ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಒಂದು ಗೇಣು ಮುಂದೆ ಬಿದ್ದರೆ ದವಡೆ ಮುರಿಯುತ್ತದೆ. ದವಡೆ ಮುರಿದ ಹಂದಿ ಓಡಬಲ್ಲದು, ತಿನ್ನಲಾರದು. ಹಸಿದು ಸಾಯಲು ಎಷ್ಟು ದಿನ ಬೇಕೋ ಲೆಕ್ಕ ಹಾಕಿ. ಎದುರಿಂದ ಬರುವ ಹಂದಿಯ ಹಣೆ ಇಳಿಜಾರು, ಗುಂಡು ಜಾರುವುದೂ ಉಂಟು. ಹಿಂದಿನಿಂದಂತೂ ಹೊಡೆಯಲೇಬಾರದು. ಓರೆಯಾಗಿ ಆ ಕಡೆ ಮುಖ ಮಾಡಿ ನಿಂತಿದ್ದರೆ, ಆಚೆ ಬದಿಯ ಮುಂಗಾಲಿಗೆ ಗುಂಡು ಹೊರಬರುವ ಲೆಕ್ಕದಲ್ಲಿ ಹೊಡೆಯಬಹುದು ಎನ್ನುತ್ತಿದ್ದರು ದೊಡ್ಡಪ್ಪ. ಅದಕ್ಕೆ ಒಂಟಿ ಗುಂಡು ಬೇಕು, ಚರೆಯಲ್ಲಿ ಆಗದ ಮಾತು. ಓಡುವ ಹಂದಿಗೆ ಹೊಡೆಯುವುದು ಅವರ ಲೆಕ್ಕದಲ್ಲಿ ಕಳ್ಳತನಕ್ಕೆ ಸಮ. ಗುಂಪಿನಲ್ಲಿದ್ದಾಗ ಒಂದರ ಹಿಂದೆ ಇನ್ನೊಂದು ಇಲ್ಲ ಎಂದು ನೋಡಿಕೊಳ್ಳಬೇಕು. ಹಿಂದೆ ಮರಿ ಹಾಕಿಕೊಂಡು ಬಂದ ಹೆಣ್ಣಿಗೆ ಅವರು ಹೊಡೆಯುತ್ತಿರಲಿಲ್ಲ. "ಒಂದು ಈಡಿಗೆ ಆರು ಜೀವ, ಅದರಲ್ಲಿ ಐದು ಹಸಿವಿನಲ್ಲಿ" ಅನ್ನುತ್ತಿದ್ದರು.

ಹೊಡೆದ ತಕ್ಷಣ ಹಿಂದೆ ಓಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಗಾಯವಾದ ಪ್ರಾಣಿ ಅಟ್ಟಿಸಿಕೊಂಡು ಬರುವವರಿಲ್ಲದಿದ್ದರೆ ಸ್ವಲ್ಪ ದೂರ ಹೋಗಿ ಮಲಗುತ್ತದೆ. ಅಟ್ಟಿದರೆ ಮೈಲಿಗಟ್ಟಲೆ ಹೋಗುತ್ತದೆ. ಅರ್ಧ ಗಂಟೆ ಕೂತು, ಆಮೇಲೆ ಹೊಡೆದ ಜಾಗ ನೋಡಬೇಕು. ನೊರೆ ನೊರೆ ತಿಳಿಗೆಂಪು ರಕ್ತವಿದ್ದರೆ ಪುಪ್ಪುಸ, ಹತ್ತಿರದಲ್ಲೇ ಬಿದ್ದಿರುತ್ತದೆ. ಕಪ್ಪು ಕೆಂಪಾದರೆ ಲಿವರು, ಇನ್ನಷ್ಟು ಕಾಯಬೇಕು. ಹಸಿರು, ವಾಸನೆ ಬಂದರೆ ಹೊಟ್ಟೆ. ನಾಲ್ಕಾರು ಗಂಟೆ ಬಿಟ್ಟು, ಇಬ್ಬರು ಮೂವರು ಸೇರಿ, ಹೋಗಲೇಬೇಕು.

ನಮ್ಮ ಕೋವಿಯ ಯೋಗ್ಯತೆ

ಇಷ್ಟೆಲ್ಲ ಗೊತ್ತಿದ್ದರೂ ನಮ್ಮ ಕೈಯಲ್ಲಿರುವ ಕೋವಿಯಿಂದ ಇದು ಸಾಧ್ಯವೇ? ಬೆಳೆ ರಕ್ಷಣೆಗೆಂದು 1959ರ ಆಯುಧ ಕಾಯ್ದೆ ಹೆಸರಿಸಿ ಹೇಳುವುದೇ ನಳಿಗೆ ಬಾಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ಕೋವಿ. ಅಂದರೆ ಹೆಚ್ಚಿನವರಿಗೆ ಒಂದೇ ಈಡು. ಮಳೆಗಾಲದಲ್ಲಿ ಕೇಪು ತಂಡಿಯಾಗಿ, ಕುದುರೆ ಬಿದ್ದು ಒಂದು ಕ್ಷಣ ಬಿಟ್ಟು ಮದ್ದು ಹೊತ್ತುವುದು ನೋಡಿದವರಿಗೆ ಗೊತ್ತು. ಆ ಒಂದು ಕ್ಷಣದಲ್ಲಿ ಹಂದಿ ಎರಡು ಹೆಜ್ಜೆ ಇಟ್ಟಿರುತ್ತದೆ. ಎರಡನೇ ಸಲ ತುಂಬುವಷ್ಟರಲ್ಲಿ ಅದು ಹಳು ಸೇರಿರುತ್ತದೆ.

ತೋಟೆ ಕೋವಿ ಇದ್ದವರು ಎಲ್‌ಜಿ, ಎಸ್‌ಜಿ ಹಾಕುತ್ತಾರೆ. ಚರೆ ಹರಡುವುದಕ್ಕೆ ಒಂದು ಒರಟು ಲೆಕ್ಕ ಇದೆ. ಬಾಯಿ ಬಿಗಿಯಿಲ್ಲದ ನಳಿಗೆಯಲ್ಲಿ ಗಜಕ್ಕೆ ಒಂದಂಗುಲದಷ್ಟು. ಮೂವತ್ತು ಗಜಕ್ಕೆ ಮೂವತ್ತಂಗುಲ ಅಗಲ. ತಟ್ಟೆಗಿಂತ ಚಿಕ್ಕ ಜಾಗಕ್ಕೆ ಮೂವತ್ತಂಗುಲ ಅಗಲದಲ್ಲಿ ಬೆರಳೆಣಿಕೆಯ ಚರೆ ಎರಚಿದರೆ ಒಂದು ಸರಿ ಜಾಗಕ್ಕೆ, ಉಳಿದವು ಹೊಟ್ಟೆಗೆ, ತೊಡೆಗೆ. ನಮ್ಮೂರ ಹಂದಿಗೆ ಆದದ್ದು ಅದೇ. ಹೊಡೆದವರು ಕ್ರೂರಿಗಳಲ್ಲ. ರಾತ್ರಿ ಹೆಡ್‌ಲೈಟಿಗೆ ಕಣ್ಣು ಹೊಳೆಯಿತು, ಕಣ್ಣಿನ ಹಿಂದೆ ಹಂದಿ ಎಷ್ಟು ದೂರ, ಯಾವ ಕಡೆ ತಿರುಗಿ ನಿಂತಿದೆ ಗೊತ್ತಾಗಲಿಲ್ಲ, ಹೊಡೆದರು. ಹೊಳೆದದ್ದು ದನದ ಕಣ್ಣಾಗದೆ ಇದ್ದದ್ದು ಪುಣ್ಯ. ಮನುಷ್ಯನೇ ಆದ ಪ್ರಕರಣಗಳನ್ನೂ ನಾವು ಕೇಳದವರಲ್ಲ.

ನನ್ನ ಲೆಕ್ಕದಲ್ಲಿ ನಮ್ಮ ಕೋವಿಗೆ ಇಪ್ಪತ್ತು ಗಜದ ಆಚೆ ಹಂದಿಯೇ ಇಲ್ಲ ಎಂದು ತಿಳಿದುಕೊಳ್ಳಬೇಕು. ಕೈಗೆ ಆಸರೆ ಬೇಕು. ಮಾಳದಲ್ಲೋ ಅಟ್ಟಣೆಯಲ್ಲೋ ಮರಸು ಕೂತು, ಕಂಡಿಯಲ್ಲಿ ಅಡ್ಡ ನಿಲ್ಲುವವರೆಗೆ ಕಾಯುವ ತಾಳ್ಮೆ ಬೇಕು. ಹತ್ತು ರಾತ್ರಿ ಕೂತು ಒಂದು ಈಡನ್ನೂ ಹೊಡೆಯದೆ ಬರುವವನೇ ಕೂರಲು ಯೋಗ್ಯ.

ಕಾನೂನು ಎಲ್ಲಿ ಸುಮ್ಮನಿದೆ

ಸದ್ಯದ ಸ್ಥಿತಿ ಹೇಳಿಬಿಡುತ್ತೇನೆ, ಗೊಂದಲ ಬೇಡ. 1991ರ ತಿದ್ದುಪಡಿ ನಂತರ ಶಿಕಾರಿಗೆ ಲೈಸನ್ಸು ಎಂಬುದೇ ದೇಶದಲ್ಲಿ ಇಲ್ಲ. 2022ರ ತಿದ್ದುಪಡಿಯಲ್ಲಿ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಅನುಮತಿ ಇಲ್ಲದೆ ಹೊಡೆದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಉರುಳು, ವಿಷ, ಗಾಯ ಮಾಡುವುದು ಎಲ್ಲವೂ 'ಬೇಟೆ'ಯೇ. ಆದರೆ 11ನೇ ಕಲಮಿನಲ್ಲಿ ಒಂದು ಬಾಗಿಲಿದೆ. ನಿಂತ ಬೆಳೆಗೆ ಅಪಾಯ ಎಂದು ಮನದಟ್ಟಾದರೆ ಮುಖ್ಯ ವನ್ಯಜೀವಿ ಪರಿಪಾಲಕರು, ಅಥವಾ ಅವರು ಅಧಿಕಾರ ಕೊಟ್ಟವರು, ಕಾರಣ ಬರೆದು ಅನುಮತಿ ಕೊಡಬಹುದು. ಹಾಗೆ ಹೊಡೆದ ಹಂದಿ ಸರಕಾರದ್ದು, ನಮ್ಮ ಪಾತ್ರೆಗಲ್ಲ. ಜೀವ ಉಳಿಸಿಕೊಳ್ಳಲು ಹೊಡೆದರೆ ಅಪರಾಧವಲ್ಲ ಎಂದೂ ಅದೇ ಕಲಮು ಹೇಳುತ್ತದೆ. ಆದರೆ ಕಾಯ್ದೆ ಮುರಿಯುತ್ತಿದ್ದ ಹೊತ್ತಿಗೇ ಆ ಪ್ರಸಂಗ ಬಂದರೆ ಈ ರಕ್ಷಣೆ ಇಲ್ಲ. ಕದ್ದು ಗಾಯ ಮಾಡಿದ ಹಂದಿಯ ಹಿಂದೆ ಹೋಗಿ, ಅದು ಮೈಮೇಲೆ ಬಂದಾಗ ಹೊಡೆದರೂ ತಪ್ಪು ತಪ್ಪೇ. ಹಾಗಾಗಿ ಯಾರೂ ಹಿಂದೆ ಹೋಗುವುದಿಲ್ಲ. ಗಾಯದ ಹಂದಿ ಊರಿನ ಗುಟ್ಟಾಗಿ ಉಳಿಯುತ್ತದೆ, ಹುಲ್ಲಿಗೆ ಹೋದವರಿಗೆ ಸಿಗುತ್ತದೆ.

ಕೇರಳದಲ್ಲಿ 2022ರ ಮೇಯಲ್ಲಿ ಪಂಚಾಯತ್ ಮಟ್ಟದಲ್ಲೇ ಅನುಮತಿ ಕೊಡುವ ವ್ಯವಸ್ಥೆ ಬಂತು. ಅಧ್ಯಕ್ಷರಿಗೇ ಗೌರವ ವನ್ಯಜೀವಿ ಪಾಲಕರ ಅಧಿಕಾರ. ವಿಷ, ಸಿಡಿಮದ್ದು, ಕರೆಂಟು ಕೂಡದು ಎಂಬ ಷರತ್ತು ಅದರಲ್ಲಿದೆ. ಸರಿಯಾದ ಷರತ್ತು. ಅದೇ ರಾಜ್ಯದ ಪಾಲಕ್ಕಾಡಿನಲ್ಲಿ 2020ರ ಮೇ ತಿಂಗಳಲ್ಲಿ ಹಂದಿಗೆಂದು ಇಟ್ಟ ಸಿಡಿಮದ್ದು ಕಚ್ಚಿ ಬಾಯಿ ಛಿದ್ರವಾದ ಬಸುರಿ ಆನೆ, ಹೊಳೆ ನೀರಿನಲ್ಲಿ ಸೊಂಡಿಲು ಮುಳುಗಿಸಿ ನಿಂತಲ್ಲೇ ಸತ್ತದ್ದನ್ನು ದೇಶವೇ ನೋಡಿತು. ನಮ್ಮ ಕಡೆಯೂ ಆ ಉಂಡೆಗೆ ದನ ಬಾಯಿ ಹಾಕಿದ್ದಿದೆ. ಹಂದಿಯ ಉರುಳಿಗೆ ಚಿರತೆ ಸಿಕ್ಕಿ ಸೊಂಟ ಕೊಯ್ದುಕೊಂಡದ್ದಿದೆ. ಕೋವಿಯ ಬಗ್ಗೆ ನಾನು ಇಷ್ಟು ಬರೆಯುತ್ತಿರುವುದೂ ಅದಕ್ಕೇ. ಉರುಳಿಗೆ, ಉಂಡೆಗೆ ಗುರಿ ಎಂಬುದಿಲ್ಲ. ಕೋವಿಗೆ ಇದೆ, ಹಿಡಿದವನಿಗೆ ಇದ್ದರೆ.

ಬಿಹಾರದ್ದು ಇನ್ನೊಂದು ಪಾಠ. ಅಲ್ಲಿ ನೀಲ್‌ಗಾಯಿ ಮತ್ತು ಹಂದಿಯನ್ನು ಕೆಲವು ಜಿಲ್ಲೆಗಳಲ್ಲಿ ಪೀಡೆ ಎಂದು ಘೋಷಿಸಿದ್ದರು. 2016ರಲ್ಲಿ ಹೊರಗಿನಿಂದ ಶೂಟರುಗಳನ್ನು ಕರೆಸಿ ಹೊಡೆಸಿದ್ದು ದೊಡ್ಡ ಸುದ್ದಿಯಾಯ್ತು. 2019ರಲ್ಲಿ ವೈಶಾಲಿ ಜಿಲ್ಲೆಯದೊಂದು ವಿಡಿಯೋ ಹೊರಬಂತು. ಗುಂಡು ತಾಗಿ ಇನ್ನೂ ಜೀವ ಇದ್ದ ನೀಲ್‌ಗಾಯಿಯನ್ನು ಜೆಸಿಬಿಯಿಂದ ಗುಂಡಿಗೆ ತಳ್ಳಿ ಮಣ್ಣು ಮುಚ್ಚುತ್ತಿದ್ದರು. ಇದು ಕದ್ದು ಮಾಡಿದ್ದಲ್ಲ, ಹೊಡೆಯಲು ಒಪ್ಪಿಗೆ ಇದ್ದಲ್ಲೇ ಆದದ್ದು. ಹೊಡೆಯುವ ಅಧಿಕಾರ ಸಿಕ್ಕಿದ ಕೂಡಲೇ ಕೊಲ್ಲುವ ಕ್ರಮ ತಾನಾಗಿ ಬರುವುದಿಲ್ಲ ಎನ್ನಲು ಇದಕ್ಕಿಂತ ಬೇರೆ ಉದಾಹರಣೆ ಬೇಕೆ?

ಅನುಮತಿ ಕೊಡುವಾಗ 'ಯಾರು ಹೊಡೆಯುತ್ತಾರೆ' ಎಂದು ಕೇಳುತ್ತೇವೆ, ಲೈಸನ್ಸು ಇದೆಯಾ ಎಂದು ನೋಡುತ್ತೇವೆ. ಅವನಿಗೆ ಗುರಿ ಬರುತ್ತದೆಯೇ ಎಂದು ಯಾರೂ ನೋಡುವುದಿಲ್ಲ. 2016ರ ಆಯುಧ ನಿಯಮಗಳಲ್ಲಿ ಲೈಸನ್ಸಿಗೆ ತರಬೇತಿ ಎಂಬುದು ಬಂದಿದೆ, ಒಳ್ಳೆಯದೇ. ಆದರೆ ಅದರ ಕಾಳಜಿ ಕೋವಿಯ ಸುರಕ್ಷತೆ, ಮನುಷ್ಯನ ಸುರಕ್ಷತೆ. ಹಂದಿಯ ಮೈಯಲ್ಲಿ ಜೀವ ಎಲ್ಲಿದೆ ಎಂಬ ಪಾಠ ಅದರದ್ದಲ್ಲ.

ನಾರ್ವೆಯಲ್ಲಿ ಬೇಟೆ ಕಾನೂನುಬದ್ಧ. ಅಲ್ಲಿ ದೊಡ್ಡ ಪ್ರಾಣಿ ಹೊಡೆಯುವವನು ಪ್ರತಿ ವರ್ಷ ಗುರಿ ಪರೀಕ್ಷೆ ಪಾಸಾಗಬೇಕು. ಮೊದಲು ಅಭ್ಯಾಸಕ್ಕೆ ಮೂವತ್ತು ಗುಂಡು. ಆಮೇಲೆ ನೂರು ಮೀಟರಿನಿಂದ ಐದು ಗುಂಡು, ಐದೂ ಮೂವತ್ತು ಸೆಂಟಿಮೀಟರು ವೃತ್ತದ ಒಳಗೇ ಬೀಳಬೇಕು. ಒಂದು ಹೊರಗೆ ಬಿದ್ದರೂ ಇಲ್ಲ. ಜೊತೆಗೆ ಕಡವೆ ಜಾತಿಯ ದೊಡ್ಡ ಪ್ರಾಣಿಗಳ ಬೇಟೆಯಲ್ಲಿ ಗಾಯದ ಪ್ರಾಣಿ ಹುಡುಕಲು ತರಬೇತಾದ ನಾಯಿ ಕರೆದ ಕೂಡಲೇ ಸಿಗುವ ವ್ಯವಸ್ಥೆ ಇಟ್ಟುಕೊಂಡಿರಬೇಕು. ಅಲ್ಲಿನವರಿಗೆ ದುಡ್ಡಿದೆ, ರೈಫಲು ಇದೆ, ನಮ್ಮದು ಕೇಪಿನ ಕೋವಿ, ಒಪ್ಪುತ್ತೇನೆ. ಆದರೆ ಪರೀಕ್ಷೆಗೆ ದುಡ್ಡೇನೂ ಬೇಡ. ಇಪ್ಪತ್ತು ಗಜ ದೂರಕ್ಕೆ ಒಂದು ಹಾಳೆತಟ್ಟೆ ಕಟ್ಟಿ. ಆಸರೆ ಇಟ್ಟುಕೊಂಡು ಐದು ಸಲ ಹೊಡೆಯಲಿ. ಐದೂ ತಟ್ಟೆಗೆ ಬಿದ್ದವನ ಹೆಸರು ಪಂಚಾಯತಿನ ಪಟ್ಟಿಯಲ್ಲಿರಲಿ. ಬೀಳದವನು ಎಷ್ಟೇ ದೊಡ್ಡ ಹಿಡುವಳಿದಾರನಾಗಲಿ, ಮನೆಯಲ್ಲಿರಲಿ. ಅನುಮತಿ ಪತ್ರದಲ್ಲಿ ಹಂದಿಯ ಒಂದು ಚಿತ್ರ ಅಚ್ಚು ಹಾಕಿ, ಜೀವದ ಜಾಗಕ್ಕೆ ಗೆರೆ ಎಳೆದು ಕೊಡಲಿ.

ಅದಕ್ಕಿಂತಲೂ ಮುಖ್ಯವಾದದ್ದು, ಅನುಮತಿ ಪಡೆದು ಹೊಡೆದವನಿಂದ ಗಾಯವಾಗಿ ತಪ್ಪಿಸಿಕೊಂಡರೆ ಅದನ್ನು ಕೂಡಲೇ ತಿಳಿಸಬೇಕು, ತಿಳಿಸಿದ್ದಕ್ಕೆ ಶಿಕ್ಷೆ ಇರಬಾರದು, ಹುಡುಕಲು ಇಲಾಖೆಯ ಸಿಬ್ಬಂದಿ ಜೊತೆ ಬರಬೇಕು ಎಂಬ ಷರತ್ತು ಬೇಕು. ತಿಳಿಸದೆ ಮುಚ್ಚಿಟ್ಟವನಿಗೆ ಬೇಕಾದರೆ ಅನುಮತಿ ರದ್ದು ಮಾಡಲಿ. ತಿಳಿಸುವುದಕ್ಕೇ ಹೆದರುವ ಪದ್ಧತಿಯಲ್ಲಿ ಪ್ರಾಣಿಯೂ ನರಳುತ್ತದೆ, ಕೆಲಸದವರೂ ನರಳುತ್ತಾರೆ.

ಇದನ್ನು ನಮ್ಮ ಕೃಷಿಕರ ಸಭೆಯಲ್ಲಿ ಹೇಳಿದೆ. "ಮೊದಲು ಅನುಮತಿ ಸಿಗಲಿ ಮಾರಾಯ್ರೇ, ಷರತ್ತು ನಾವೇ ಹಾಕಿಕೊಂಡರೆ ಅವರು ಅದನ್ನೇ ನೆಪ ಮಾಡಿ ಕೊಡುವುದಿಲ್ಲ" ಅಂದರು ಒಬ್ಬರು. ಅದರಲ್ಲಿ ಹುರುಳಿಲ್ಲದಿಲ್ಲ. ನಮ್ಮ ಅರ್ಜಿಗಳಿಗೆ ಏನು ಗತಿಯಾಗುತ್ತದೆಂದು ನನಗೂ ಗೊತ್ತು. ಬೆಳೆ ಪರಿಹಾರದ ಕಾಗದಕ್ಕೇ ನಾನು ಒಂದು ಕಚೇರಿಗೆ ಏಳು ಸಲ ಅಲೆದಿದ್ದೇನೆ. ಇನ್ನೊಬ್ಬ ಹುಡುಗ, "ಹಂದಿ ನಮ್ಮ ತೆನೆ ಜಗಿಯುವಾಗ ನಾವು ಅದರ ನೋವು ಲೆಕ್ಕ ಹಾಕಬೇಕಾ ಅಜ್ಜ?" ಅಂದ. ಅವನಿಗೆ ಉತ್ತರ ಕೊಡಲು ಹೊರಟವನು ತಡೆದೆ. 1970ರಲ್ಲಿ ನಾನೂ ಇಂಥದ್ದೇ ಮಾತಾಡುತ್ತಿದ್ದೆನೇನೋ. ಆ ಹಳ್ಳದ ಬದಿಗೆ ನನ್ನನ್ನು ಎಳೆದುಕೊಂಡು ಹೋಗುವವರೊಬ್ಬರು ಇದ್ದರು, ಅಷ್ಟೇ ವ್ಯತ್ಯಾಸ. ಹೊಡೆಯುವುದರಿಂದ ಮಾತ್ರ ಹಂದಿ ಕಡಿಮೆಯಾಗುತ್ತದೆಂದೂ ನಾನು ನಂಬಿಲ್ಲ. ಅದು ಮರಿ ಹಾಕುವ ವೇಗಕ್ಕೆ ನಮ್ಮ ಕೋವಿ ಸಾಟಿಯಲ್ಲ. ಬೇಲಿಯ ಖರ್ಚಿಗೆ ನೆರವು ಕೇಳುವುದನ್ನು ಬಿಡುವಂತಿಲ್ಲ. ಅದು ಬೇರೆ ಬರಹಕ್ಕೆ.

ತಿವಿಸಿಕೊಂಡ ಹೆಂಗಸು ಈಗ ಕೆಲಸಕ್ಕೆ ಬರುತ್ತಿದ್ದಾರೆ. ಸ್ವಲ್ಪ ಕುಂಟು ಇದೆ. ಕಾಲುವೆಗೆ ಇಳಿಯುವ ಮೊದಲು ಎರಡು ಕಲ್ಲು ಎಸೆದು ನೋಡುತ್ತಾರೆ. ಈಡು ಹೊಡೆದವರು ಅವರ ಮನೆಗೆ ಎರಡು ಸಲ ಅಕ್ಕಿ ಕಳಿಸಿದ್ದಾರೆ, ಯಾಕೆಂದು ಹೇಳದೆ.

ಪರವಾನಗಿಯ ಅರ್ಜಿಗೆ ಊರಿನ ಅರವತ್ತು ಚಿಲ್ಲರೆ ಸಹಿ ಬಿದ್ದಿದೆ. ನಾನಿನ್ನೂ ಹಾಕಿಲ್ಲ. ಹೊಡೆಯುವವರಿಗೆ ಗುರಿ ಪರೀಕ್ಷೆ ಬೇಕು, ಗಾಯದ ಪ್ರಾಣಿಯ ಸುದ್ದಿ ಹೇಳಿದವರಿಗೆ ಶಿಕ್ಷೆ ಬೇಡ ಎಂಬ ಎರಡು ಸಾಲು ಸೇರಿಸಿದರೆ ನನ್ನದೂ ಹಾಕುತ್ತೇನೆಂದು ಹೇಳಿ ಕಳಿಸಿದ್ದೇನೆ. ಸೋಮವಾರ ಅರ್ಜಿ ಹೋಗುವುದಂತೆ.